ಇಂಜಿನ್ನಿಗೆ ತುಟಿಯಿಲ್ಲ

ಅವರಿಗೆ ಊರಿಟ್ಟ ಹೆಸರು ಬ್ರೇಕ್ ಮೇಷ್ಟ್ರು. ಡ್ರೈವಿಂಗ್ ಕಲಿಸುವ ಕಾರಿನಲ್ಲಿ ಪಕ್ಕದ ಸೀಟಿನವರ ಕಾಲ ಬಳಿಯೂ ಒಂದು ಬ್ರೇಕ್ ಇರುತ್ತದಲ್ಲ, ಇಪ್ಪತ್ತೆರಡು ವರ್ಷ ಅದರ ಮೇಲೆ ಕಾಲಿಟ್ಟು ಕೂತು ಅವರ ಬಲಗಾಲು ಯಾರ ಮಾತೂ ಕೇಳದಂತಾಗಿದೆ. ಊಟದ ಹೊತ್ತಿಗೆ ಹೆಂಡತಿ ಬಿಸಿ ಪಾತ್ರೆ ಹಿಡಿದು ಸ್ವಲ್ಪ ಜೋರಾಗಿ ಬಂದರೂ ಸಾಕು, ಮೇಜಿನ ಕೆಳಗೆ ಕಾಲು ನೆಲ ಒತ್ತುತ್ತದೆ.

ಇದೇ ಮೇಷ್ಟ್ರು ಸಾವಿರಾರು ಜನ ಗುಂಪುಗೂಡಿ ಹರಟುವ ಒಂದು ಮೊಬೈಲ್ ಆ್ಯಪನ್ನೂ ನೋಡಿಕೊಳ್ಳುತ್ತಾರೆ ಎಂಬುದು ಊರಿಗೆ ಗೊತ್ತಿಲ್ಲ. ಅದು ಓಪನ್ ಸೋರ್ಸ್ ಆ್ಯಪು, ಎಂದರೆ ಅದರ ಒಳಗನ್ನು ಯಾರು ಬೇಕಾದರೂ ತೆರೆದು ನೋಡಬಹುದು, ತಿದ್ದಬಹುದು. ನಾಲ್ಕು ವರ್ಷದ ಹಿಂದೆ ಮೇಷ್ಟ್ರು ಅದರಲ್ಲೊಂದು ತಪ್ಪು ಕಂಡು ದೂರು ಬರೆದಿದ್ದರು. 'ನೀವೇ ತಿದ್ದಿ ನೋಡಿ' ಎಂಬ ಉತ್ತರ ಬಂತು. ಹಟಕ್ಕೆ ಬಿದ್ದು ಪುಸ್ತಕ ಹಿಡಿದು ಕಲಿತು ತಿದ್ದಿಯೇಬಿಟ್ಟರು. ಆಮೇಲೆ ಇನ್ನೊಂದು, ಮತ್ತೊಂದು. ಅಷ್ಟರಲ್ಲಿ ಆ್ಯಪ್ ಮಾಡಿದವನಿಗೆ ಅವಳಿ ಮಕ್ಕಳಾದವು. ಅವನು ಕೀಲಿಕೈಯನ್ನು ಇವರ ಕೈಗಿತ್ತು ಮೆಲ್ಲಗೆ ಜಾರಿಕೊಂಡ. ಅಂದಿನಿಂದ ಒಂದು ಪಾಠಕ್ಕೂ ಇನ್ನೊಂದಕ್ಕೂ ನಡುವೆ ಕಾರೇ ಇವರ ಆಫೀಸು, ತೊಡೆಯೇ ಮೇಜು.

ಎರಡು ವಾರದ ಹಿಂದೆ ಅವರು ಹೊಸ ಆವೃತ್ತಿ ಬಿಟ್ಟರು. ಅದರ ಹೆಚ್ಚುಗಾರಿಕೆಯೆಂದರೆ ಗದ್ದಲ ಸೋಸುವ ಜಾಲರಿ. ತಮ್ಮ ಕಾರಿನ ಇಂಜಿನ್ ಓಡಿಸುತ್ತ, 'ಏರದೆ ಇಳಿಯದೆ ಒಂದೇ ಸಮ ಗುಂಯ್ಗುಡುವುದೆಲ್ಲ ಕಸ, ತೆಗೆದುಹಾಕು' ಎಂದು ಅದಕ್ಕೆ ಕಲಿಸಿದ್ದರು. ಬಳಕೆದಾರರು ಹೊಗಳಿದ್ದೇ ಹೊಗಳಿದ್ದು. 'ಮಿಕ್ಸಿ ತಿರುಗ್ತಿದ್ರೂ ಅಕ್ಕನ ಬೈಗುಳ ಒಂದೊಂದೂ ಬಿಡಿಬಿಡಿಯಾಗಿ ಕೇಳಿಸ್ತು' ಎಂದು ಒಬ್ಬರು ಬರೆದಾಗ ಮೇಷ್ಟ್ರು ಹಿರಿಹಿರಿ ಹಿಗ್ಗಿದರು.

ಆ ಹಿಗ್ಗಿನ ನಡುವೆ, ಗುರುವಾರ, ಒಂದು ದೂರು ಬಂತು. 'ಹೊಸ ಆವೃತ್ತಿಯಲ್ಲಿ ಅಪ್ಪನ ದನಿ ಯಾರಿಗೂ ಕೇಳಿಸುತ್ತಿಲ್ಲ.' ಈ ಕಸುಬಿನವರೆಲ್ಲ ಬರೆಯುವ ಒಂದು ಸಾಲಿದೆ. ಮೇಷ್ಟ್ರೂ ಅದನ್ನೇ ಬರೆದರು: 'ನನ್ನ ಫೋನಿನಲ್ಲಿ ಸರಿಯಾಗಿದೆ.' ಬರೆದು ದೂರನ್ನು ಮುಚ್ಚಿಯೂಬಿಟ್ಟರು. ನನಗೆ ಹಲ್ಲುನೋವಿಲ್ಲವಲ್ಲ, ನಿಮಗೆ ಹೇಗೆ ಬಂತು ಎಂದು ಕೇಳುವ ದಂತವೈದ್ಯರನ್ನು ನಾವು ಸುಮ್ಮನೆ ಬಿಡುತ್ತೇವೆಯೆ?

ದೂರು ಬರೆದ ಆ ಮಗಳೂ ಬಿಡಲಿಲ್ಲ. ಶನಿವಾರ ಮಧ್ಯಾಹ್ನ ಮತ್ತೆ ಬರೆದಳು, ಜೊತೆಗೆ ಒಂದು ಧ್ವನಿಮುದ್ರಿಕೆ. 'ಸರ್, ಅಪ್ಪ ಮೂವತ್ತು ವರ್ಷ ರೈಲ್ವೆ ಸ್ಟೇಷನ್ನಿನಲ್ಲಿ ಗಾಡಿಗಳ ಪ್ರಕಟಣೆ ಹೇಳಿದವರು. ಎಂಟು ತಿಂಗಳ ಹಿಂದೆ ಆಪರೇಷನ್ ಮಾಡಿ ಧ್ವನಿಪೆಟ್ಟಿಗೆ ತೆಗೆದರು. ಈಗ ಕೊರಳಿಗೆ ಒತ್ತಿ ಹಿಡಿಯುವ ಯಂತ್ರದಿಂದ ಮಾತಾಡಲು ಕಲಿತಿದ್ದಾರೆ. ಅವರ ಹಳೆಯ ಜೊತೆಗಾರರು ಪ್ರತಿ ಭಾನುವಾರ ಹನ್ನೊಂದಕ್ಕೆ ನಿಮ್ಮ ಆ್ಯಪಿನಲ್ಲಿ ಸೇರುತ್ತಾರೆ. ಕಳೆದ ವಾರ ಅಪ್ಪ ಧೈರ್ಯ ಮಾಡಿ ಮಾತಾಡಿದರು. ಯಾರಿಗೂ ಕೇಳಿಸಲಿಲ್ಲ. ಯಂತ್ರವನ್ನು ಬೀರುವಿನೊಳಗೆ ಇಟ್ಟುಬಿಟ್ಟರು. ನಾಳೆ ಒಂದೇ ಒಂದು ಸಲ ನೋಡುತ್ತೇನೆ, ಆಗದಿದ್ದರೆ ಮತ್ತೆ ಮುಟ್ಟುವುದಿಲ್ಲ ಎಂದು ಚೀಟಿ ಬರೆದುಕೊಟ್ಟಿದ್ದಾರೆ.'

ಮೇಷ್ಟ್ರು ಮುದ್ರಿಕೆ ಹಾಕಿದರು. ಏರಿಳಿತವಿಲ್ಲದ ಗುಂಯ್ ಸದ್ದು, ಅದರೊಳಗೆ ಮಾತು. ನಿಂತ ಕಾರಿನಲ್ಲೇ ಅವರ ಕಾಲು ಬ್ರೇಕ್ ಒತ್ತಿತು. ತಮ್ಮ ಜಾಲರಿ ಕಸವೆಂದು ಎಸೆದದ್ದು ಒಬ್ಬ ಮನುಷ್ಯನ ದನಿಯನ್ನು! ಮೇಷ್ಟ್ರಿಗೆ ನಾಚಿಕೆಯಿಂದ ಕಿವಿ ಬಿಸಿಯಾಯಿತು. ಸಂಜೆಯ ಪಾಠಗಳನ್ನು ಮುಂದಕ್ಕೆ ಹಾಕಿ ಮನೆಗೆ ಓಡಿದರು.

ಜಾಲರಿಯನ್ನೇ ಆಫ್ ಮಾಡಿ ನೋಡಿದರು. ಮುದ್ರಿಕೆಯ ಹಿನ್ನೆಲೆಯಲ್ಲಿ, ಆ ಮನೆಯ ಕಿಟಕಿಯಾಚೆ ಓಡುತ್ತಿದ್ದ ನೀರಿನ ಪಂಪು ಅರ್ಧ ಮಾತನ್ನು ನುಂಗಿಹಾಕಿತು. ಸೋಸಿದರೆ ಅಪ್ಪ ಹೋಗುತ್ತಾರೆ, ಬಿಟ್ಟರೆ ಪಂಪು ಬರುತ್ತದೆ. ಮೇಷ್ಟ್ರು ತಲೆ ಕೆರೆದುಕೊಂಡು ಮುದ್ರಿಕೆಯನ್ನು ಹತ್ತನೆಯ ಸಲ ಹಾಕಿದಾಗ, ಹೊಲಿಗೆ ಮೆಷಿನ್ನಿನ ಮುಂದೆ ಕೂತಿದ್ದ ಹೆಂಡತಿ ತಲೆಯೆತ್ತಿದಳು.

"ಯಾರ್ರೀ ಅದು ಮಾತಾಡ್ತಿರೋದು?"

"ಮಾತು ಅಂತ ನಿಂಗೆ ಹೇಗೆ ಗೊತ್ತಾಯ್ತು? ಇಂಜಿನ್ ಥರ ಇಲ್ವಾ?"

"ಇಂಜಿನ್ನಿಗೆ ತುಟಿ ಎಲ್ಲಿದೆ? ಸರಿಯಾಗಿ ಕೇಳಿ. ಈಗ 'ಮ' ಅಂದ್ರು, ತುಟಿ ಮುಚ್ಚಿದ್ರು. ಈಗ ತೆರೆದ್ರು."

ಮೇಷ್ಟ್ರು ಎದ್ದು ನಿಂತರು. "ಏನಂದೆ? ಇನ್ನೊಂದ್ಸಲ ಹೇಳು!"

"ತುಟಿ ಅಂದೆ. ಯಾಕೆ, ತಪ್ಪಾ?"

ತಪ್ಪೆಲ್ಲಿ ಬಂತು! ಅಡಿಯ ಗುಂಯ್ ಒಂದೇ ಸಮ ಇದ್ದರೂ ತುಟಿ, ನಾಲಿಗೆ ಅದಕ್ಕೆ ಕ್ಷಣಕ್ಕೊಂದು ಆಕಾರ ಕೊಡುತ್ತವೆ. ಪಂಪಿಗೆ ಆ ಭಾಗ್ಯವಿಲ್ಲ. ಆಕಾರ ಬದಲಾಗುತ್ತಿರುವ ಗುಂಯ್ ಸದ್ದನ್ನು ಮುಟ್ಟಬೇಡ ಎಂದು ಜಾಲರಿಗೆ ಹೇಳಿಕೊಟ್ಟರಾಯಿತು. ಬೆರಳುಗಳು ಕೀಲಿಮಣೆಯ ಮೇಲೆ ಓಡತೊಡಗಿದವು. ಮೊದಲ ಸಲ ಅಪ್ಪನೂ ಬಂದರು, ಪಂಪೂ ಬಂತು. ಎರಡನೆಯ ಸಲ ಇಬ್ಬರೂ ಮಾಯ. ಮೂರನೆಯ ಸಲ ಮೇಷ್ಟ್ರು ಕೆಳಗಿಳಿದು ಕಾರು ಚಾಲೂ ಮಾಡಿ, ಅದರ ಪಕ್ಕ ಮುದ್ರಿಕೆ ಹಾಕಿ, ತಮ್ಮ ಫೋನು ಹಿಡಿದು ನಿಂತರು. ಹೆಂಡತಿ ಮೇಲೆ ಇನ್ನೊಂದು ಫೋನನ್ನು ಕಿವಿಗಿಟ್ಟುಕೊಂಡಿದ್ದಳು.

ಕಿಟಕಿ ದಢಾರನೆ ತೆರೆಯಿತು. "ಕೇಳಿಸ್ತಿದೆ ಕಣ್ರೀ! ಅವರು ಕೇಳಿಸ್ತಿದಾರೆ! ನಿಮ್ಮ ಡಬ್ಬಾ ಕಾರು ಕೇಳಿಸ್ತಿಲ್ಲ!"

ಬೀದಿಗೆ ಬೀದಿಯೇ ಹೊರಗೆ ಬಂದು ನೋಡಿತು. ಮೇಷ್ಟ್ರು ಒಬ್ಬರೇ ಕಾರಿನ ಸುತ್ತ ಕುಣಿಯುತ್ತಿದ್ದರು.

ಸೋಸುವ ಕೆಲಸವೆಲ್ಲ ಮಾತಾಡುವವರ ಫೋನಿನಲ್ಲೇ ನಡೆಯುವುದರಿಂದ, ಆ ಒಂದು ಫೋನಿಗೆ ಹೊಸದು ಸೇರಿದರೆ ಸಾಕಿತ್ತು. ಕತ್ತಲಾಗುವ ಮೊದಲೇ ಮಗಳಿಗೆ ಕಳಿಸಿದರು. ಅವಳು ಹಾಕಿಕೊಂಡು, ನಾಳೆ ನೀವೂ ಬಂದು ಕೇಳಬೇಕು ಎಂದು ಕರೆದಳು.

ಭಾನುವಾರ ಹನ್ನೊಂದು. ಗಂಡ ಹೆಂಡತಿ ಒಂದೇ ಫೋನಿನ ಮೇಲೆ ಬಗ್ಗಿದ್ದರು. ಹಳೆಯ ಗಾರ್ಡು, ಟಿಕೆಟ್ ಕ್ಲರ್ಕು, ಸಿಗ್ನಲ್‌ನವರು ಒಟ್ಟಿಗೆ ಗಲಗಲ ಎನ್ನುತ್ತಿದ್ದರು. "ಅಪ್ಪ ಮಾತಾಡ್ತಾರೆ" ಎಂದಳು ಮಗಳು. ಎಲ್ಲರೂ ಸುಮ್ಮನಾದರು. ಏನೂ ಕೇಳಿಸಲಿಲ್ಲ. ಮೇಷ್ಟ್ರ ಕಾಲು ನೆಲವನ್ನು ಒತ್ತಿ ಹಿಡಿಯಿತು.

ಆಮೇಲೆ ಗುಂಯ್ ಎಂದಿತು.

"ದಯವಿಟ್ಟು ಗಮನಿಸಿ. ಎಂಟು ತಿಂಗಳು ತಡವಾಗಿ ಓಡುತ್ತಿರುವ ಗಾಡಿ, ಇನ್ನು ಕೆಲವೇ ಕ್ಷಣಗಳಲ್ಲಿ, ಒಂದನೇ ಪ್ಲಾಟ್‌ಫಾರ್ಮಿಗೆ ಬರಲಿದೆ. ಅಡಚಣೆಗಾಗಿ ವಿಷಾದಿಸುತ್ತೇವೆ."

ಮೊದಲು ಬಂದದ್ದು ಸಿಗ್ನಲ್‌ನವರ ದನಿ: "ಬಾರೋ ಮಾರಾಯ! ಎಂಟು ತಿಂಗಳಿಂದ ಹಸಿರು ದೀಪ ಹಿಡ್ಕೊಂಡು ನಿಂತಿದೀನಿ!" ಅಷ್ಟೇ ಸಾಕಾಯಿತು, ಅಷ್ಟೂ ಮಂದಿ ಒಟ್ಟಿಗೆ ಕೂಗಿದರು, ನಕ್ಕರು, ಅತ್ತರು.

ಮೇಷ್ಟ್ರು ಕಣ್ಣೊರೆಸಿಕೊಂಡು ಗುರುವಾರದ ದೂರನ್ನು ಮತ್ತೆ ತೆರೆದರು. 'ನನ್ನ ಫೋನಿನಲ್ಲಿ ಸರಿಯಾಗಿದೆ' ಎಂಬ ತಮ್ಮ ಸಾಲನ್ನು ಅಳಿಸದೆ ಹಾಗೇ ಬಿಟ್ಟು, ಅದರ ಕೆಳಗೆ ಬರೆದರು: 'ಕ್ಷಮಿಸಿ. ಈಗ ನಿಮ್ಮ ಅಪ್ಪನ ಫೋನಿನಲ್ಲೂ ಸರಿಯಾಗಿದೆ. ನನ್ನ ಕಿವಿಯಾರೆ ಕೇಳಿದೆ.'