ಅಜ್ಜಿಯ ಕಾಲು ಗಂಟೆ

ಕಳೆದ ಚಳಿಗಾಲ ತಂಗಿಯ ಮಗಳ ಮನೆಗೆಂದು ನ್ಯೂಜೆರ್ಸಿಯ ಫೋರ್ಟ್ ಲೀಗೆ ಹೋಗಿದ್ದಾಗ, ಆ ಹಳೆಯ ಕಟ್ಟಡದ ಕಿಟಕಿಯ ಕೆಳಗಿದ್ದ ಹೀಟರಿನೊಳಗೆ ಹಬೆ ತುಂಬಿಕೊಳ್ಳುವ ಸದ್ದು ಕೇಳಿಸಿತು. ಮೊದಲು ಕೊಳವೆಯಲ್ಲಿ ಎರಡು ಮೂರು ಬಡಿತ, ಆಮೇಲೆ ನೀಳವಾದ ಸಿಳ್ಳು, ಅದರ ಹಿಂದೆಯೇ ಕಾದ ಧೂಳಿನ ವಾಸನೆ. ನನ್ನ ಕೈಯಲ್ಲಿದ್ದ ಚಹಾ ಕೈಯಲ್ಲಿಯೇ ಆರಿತು. ಇದೇ ಊರಿನಲ್ಲಿ, ಮ್ಯಾನ್‌ಹ್ಯಾಟನ್ನಿಗೆ ಹೋಗುವ ಸೇತುವೆಗೆ ಮುಖಮಾಡಿದ ಇಂಥದೇ ಒಂದು ಮನೆಯಲ್ಲಿ, ನನಗೆ ಹನ್ನೊಂದು ತುಂಬುವವರೆಗೆ ನಾವು ಐವರು ಬದುಕಿದ್ದೆವು: ಅಪ್ಪ, ಅವ್ವ, ಅಪ್ಪನ ತಾಯಿಯಾದ ಅಜ್ಜಿ, ನಾನು ಮತ್ತು ತಂಗಿ. ಈಗ ಉಳಿದಿರುವವರು ನಾವು ಅಕ್ಕತಂಗಿಯರು ಮಾತ್ರ.

ಧಾರವಾಡದಿಂದ ಬರುವಾಗ ಅಜ್ಜಿ ತನ್ನ ವೇದಪುಸ್ತಕದ, ಅಂದರೆ ಕನ್ನಡ ಬೈಬಲ್ಲಿನ, ಜೊತೆಗೆ ಒಂದು ರೂಢಿಯನ್ನೂ ತಂದಿದ್ದಳು. ಸಂಜೆಯ ಊಟಕ್ಕೆ ಮೊದಲು ಎಲ್ಲರೂ ನೆಲದ ಮೇಲೆ ಕುಳಿತುಕೊಳ್ಳಬೇಕು. ಅಜ್ಜಿ ಕನ್ನಡಕವನ್ನು ತೆಗೆದು ಪುಸ್ತಕದ ಮೇಲೆ ಇಟ್ಟಳೆಂದರೆ, ಅದನ್ನು ಮರಳಿ ಹಾಕಿಕೊಳ್ಳುವವರೆಗೆ, ಅಂದರೆ ಸುಮಾರು ಕಾಲು ಗಂಟೆ, ಯಾರೂ ತುಟಿ ಬಿಚ್ಚುವಂತಿಲ್ಲ. ಹಾಡಿಲ್ಲ, ಬೇಡಿಕೆಯಿಲ್ಲ. "ಎದುರಿಗೆ ಯಾರ ಅದಾನ ಅನ್ನೂದು ಮೊದಲ ತಿಳಕೋರಿ. ಬೇಡೂದು ಆಮ್ಯಾಲ," ಎನ್ನುತ್ತಿದ್ದಳು. ನಾನು ಆ ಹೊತ್ತಿನಲ್ಲಿ ದೇವರನ್ನು ತಿಳಿದುಕೊಂಡೆನೆಂದು ಬರೆದರೆ ಸುಳ್ಳಾಗುತ್ತದೆ. ನಾನು ತಿಳಿದುಕೊಂಡದ್ದು ಅಡುಗೆಮನೆಯಲ್ಲಿ ಸಾರು ಯಾವಾಗ ಕುದಿಯಿತು, ತಂಗಿಯ ಕಾಲುಚೀಲ ಎಷ್ಟು ನಾರುತ್ತದೆ, ಅಪ್ಪನ ಉಸಿರು ಎಷ್ಟು ಉದ್ದ ಎಂಬುದನ್ನು. ಆದರೂ ಇಡೀ ದಿನದಲ್ಲಿ ನಮ್ಮಲ್ಲಿ ಯಾರಿಗೂ ಯಾರಿಂದಲೂ ಏನೂ ಬೇಕಾಗಿರದ ಹೊತ್ತು ಅದೊಂದೇ ಆಗಿತ್ತು.

ಷೇರುಪೇಟೆ ಕುಸಿದ ವರ್ಷ ಮ್ಯಾನ್‌ಹ್ಯಾಟನ್ನಿನ ಬ್ಯಾಂಕೊಂದರಲ್ಲಿದ್ದ ಅಪ್ಪನ ಕೆಲಸ ಹೋಯಿತು. ವೀಸಾದ ಅವಧಿಯೊಳಗೆ ಬೇರೆ ಕೆಲಸ ಸಿಗದಿದ್ದರೆ ನಾವೆಲ್ಲ ಊರಿಗೆ ಮರಳಬೇಕಾಗಿತ್ತು. ತಿಂಗಳಿಗೆರಡು ಭಾನುವಾರ ಯಾರದಾದರೂ ಮನೆಯಲ್ಲಿ ಸೇರುತ್ತಿದ್ದ ನಮ್ಮ ಕನ್ನಡ ಪ್ರಾರ್ಥನಾ ಕೂಟದಲ್ಲಿ ಏಳು ಕುಟುಂಬಗಳಿದ್ದವು. ಅವರಿಗೆ ಸುದ್ದಿ ತಲುಪಿದ ವಾರವೇ ಒಂದು ಪಟ್ಟಿ ಸಿದ್ಧವಾಯಿತು. ಪ್ರತಿ ಸಂಜೆ ಆರರಿಂದ ಒಬ್ಬರಾದ ಮೇಲೊಬ್ಬರು ನಮ್ಮ ಮನೆಗೆ ಫೋನ್ ಮಾಡಿ, ಫೋನಿನಲ್ಲಿಯೇ ಅಪ್ಪನಿಗಾಗಿ ಪ್ರಾರ್ಥಿಸಬೇಕು. ಅವ್ವ ರಿಸೀವರನ್ನು ಸ್ಟೂಲಿನ ಮೇಲೆ ಮಲಗಿಸುತ್ತಿದ್ದಳು. ನಾವು ಅದರ ಸುತ್ತ ಮೊಣಕಾಲೂರುತ್ತಿದ್ದೆವು. ಪ್ಲೇನ್ಸ್‌ಬರೋದ ಸುಕುಮಾರ ಅಂಕಲ್ ಕೂಟದ ಹಿರಿಯರು, ಮೈಸೂರಿನವರು, ಎಲ್ಲರಿಗಿಂತ ದೀರ್ಘವಾಗಿ ಪ್ರಾರ್ಥಿಸುವವರು. "ಕರ್ತನೇ, ನ್ಯೂಜೆರ್ಸಿನಲ್ಲಿರೋ ಪ್ರತಿಯೊಬ್ಬ ಮ್ಯಾನೇಜರ್ ಹೃದಯಾನೂ ಸಾಫ್ಟ್ ಮಾಡಪ್ಪಾ," ಎಂಬ ದನಿ ಸ್ಟೂಲಿನಿಂದ ಸಣ್ಣಗೆ ಬರುತ್ತಿತ್ತು. ಒಂದು ಸಂಜೆ ತಂಗಿ ಪಿಸುಗುಟ್ಟಿದಳು: "ಅಜ್ಜಿ, ಈಸ್ ಹಿ ಡನ್?" ಅಜ್ಜಿ ಕಣ್ಣು ತೆರೆಯದೆಯೇ, "ಹಸಿವಾದ್ರ ಮುಗಸ್ತಾನ, ತಡಿ," ಎಂದಳು. ಅವಳ ಕಾಲು ಗಂಟೆಗೆ ಆಗ ಮನೆಯಲ್ಲಿ ಜಾಗವೇ ಇರಲಿಲ್ಲ. ಅಪ್ಪ ಆ ದಿನಗಳಲ್ಲಿ ನಿದ್ದೆ ಮಾಡುತ್ತಿರಲಿಲ್ಲ. ಬೆಳಗಾಗುವ ಮೊದಲೇ ಎದ್ದು ಷೂ ಹಾಕಿಕೊಂಡು ಸೋಫಾದ ಮೇಲೆ ಕುಳಿತಿರುತ್ತಿದ್ದ.

ಜನವರಿಯಲ್ಲಿ ಒಂದು ಕಾಗದ ಬಂದಿತು. ಅಪ್ಪ ಅರ್ಜಿ ಹಾಕಿದ್ದ ಕಂಪನಿಯ ಅಧಿಕಾರಿಯೊಬ್ಬರು ಬರೆದಿದ್ದರು: ಹಗಲೆಲ್ಲ ಪ್ರಯಾಣದಲ್ಲಿರುವುದರಿಂದ ಮೂರು ಸಂಜೆ ಫೋನ್ ಮಾಡಿದ್ದೇನೆ, ಮೂರು ಸಂಜೆಯೂ ಲೈನು ಎಂಗೇಜ್ ಆಗಿತ್ತು, ಶುಕ್ರವಾರ ಆರರಿಂದ ಏಳರೊಳಗೆ ಕೊನೆಯ ಬಾರಿ ಪ್ರಯತ್ನಿಸುತ್ತೇನೆ. ಅಪ್ಪ ಕಾಗದವನ್ನು ಎರಡು ಬಾರಿ ಓದಿದ. ಕೆಲಸ ಸಿಗಲೆಂದು ಮಾಡಿದ ಪ್ರಾರ್ಥನೆಗಳೇ ಕೆಲಸದ ದಾರಿಗೆ ಅಡ್ಡ ನಿಂತಿದ್ದವು. ಆದರೂ ಕೂಟದವರಿಗೆ ಫೋನ್ ಮಾಡಬೇಡಿರೆಂದು ಹೇಳಲು ಅವನಿಗೆ ನಾಲಿಗೆ ಏಳಲಿಲ್ಲ. "ಅವರು ನಮ್ಮ ಸಲವಾಗೇ ಮಾಡಾಕತ್ತಾರಲ್ಲಾ, ಅವ್ವಾ. ಬ್ಯಾಡ ಅಂತ ಹೆಂಗ ಅನ್ಲಿ?" ಎಂದು ಅಜ್ಜಿಯನ್ನು ಕೇಳಿದ. ಅಜ್ಜಿ ನನ್ನಿಂದ ನಂಬರ್ ಒತ್ತಿಸಿಕೊಂಡು ತಾನೇ ಮಾತನಾಡಿದಳು. "ಸುಕುಮಾರಪ್ಪಾ, ಶುಕ್ರವಾರ ಯಾರೂ ನಮ್ಮನಿಗೆ ಫೋನ್ ಹಚ್ಚಬ್ಯಾಡ್ರಿ. ನಿಮ್ಮ ನಿಮ್ಮ ಮನ್ಯಾಗ ಬೇಡಕೋರಿ. ದೇವರಿಗೆ ನಮ್ಮ ನಂಬರ್ ಬೇಕಾಗಿಲ್ಲ." ಆ ಕಡೆಯಲ್ಲಿ ಸುಕುಮಾರ ಅಂಕಲ್ ನಕ್ಕದ್ದು ನನಗೂ ಕೇಳಿಸಿತು. "ಆಯ್ತಮ್ಮಾ. ಇಷ್ಟು ದಿನ ನಾನೇ ಆಪರೇಟರ್ ಆಗ್ಬಿಟ್ಟಿದ್ದೆ."

ಶುಕ್ರವಾರ ಆರಕ್ಕೆ ನಾವು ಐವರೂ ಕುಳಿತೆವು. ಅಜ್ಜಿ ಕನ್ನಡಕ ತೆಗೆದಿಟ್ಟಳು. ಕಾಲು ಗಂಟೆ ಕಳೆಯಿತು. ಅವಳು ಅದನ್ನು ಮುಟ್ಟಲಿಲ್ಲ. ಮೊದಲ ಅರ್ಧ ಗಂಟೆ ಅಪ್ಪನ ಕಣ್ಣು ಫೋನನ್ನು ಬಿಟ್ಟು ಕದಲಲಿಲ್ಲ. ಅವನ ಹೆಬ್ಬೆರಳು ತೋರುಬೆರಳನ್ನು ಉಜ್ಜುತ್ತಲೇ ಇತ್ತು. ಆಮೇಲೆ ಯಾವಾಗಲೋ ಆ ಕೈ ನಿಂತಿತು. ನಾನು ಕಳ್ಳಗಣ್ಣಿನಿಂದ ನೋಡಿದಾಗ ಅವನು ಕಣ್ಣು ಮುಚ್ಚಿದ್ದ, ಹೆಗಲುಗಳು ಇಳಿದಿದ್ದವು. ಗಡಿಯಾರದಲ್ಲಿ ಏಳಾಯಿತು. ಏಳೂ ಹತ್ತಾಯಿತು. ಫೋನು ಬರಲಿಲ್ಲ. ಅಜ್ಜಿ ಮೆಲ್ಲನೆ ಕನ್ನಡಕದ ಕಡೆಗೆ ಕೈ ಚಾಚಿದಳು. ಅಪ್ಪ ಕಣ್ಣು ತೆರೆಯದೆಯೇ ಅವಳ ಕೈಯ ಮೇಲೆ ತನ್ನ ಕೈ ಇಟ್ಟು, "ಇನ್ನೊಂದೀಟು ಇರ್ಲಿ, ಅವ್ವಾ," ಎಂದ.

ಆ ಫೋನು ಮುಂದೆಯೂ ಬರಲಿಲ್ಲ. ಆ ಕೆಲಸ ಬೇರೆಯವರ ಪಾಲಾಯಿತೆಂಬ ಕಾಗದ ಹತ್ತು ದಿನಗಳ ಮೇಲೆ ಬಂದಿತು. ಮಾರ್ಚಿನಲ್ಲಿ ನಾವು ಮನೆ ಖಾಲಿ ಮಾಡಿ ಧಾರವಾಡಕ್ಕೆ ಮರಳಿದೆವು. ಅಪ್ಪ ಅಲ್ಲಿಯ ಒಂದು ಕಾಲೇಜಿನ ಕಚೇರಿಯಲ್ಲಿ ನಿವೃತ್ತಿಯವರೆಗೆ ದುಡಿದ. ಅಜ್ಜಿ, ಆಮೇಲೆ ಅವ್ವ, ಕೊನೆಗೆ ಅಪ್ಪ, ಮೂವರೂ ಈಗ ಅಲ್ಲಿಯೇ ಸಮಾಧಿಯಲ್ಲಿದ್ದಾರೆ. ನಾನು ಮೂರು ದಶಕ ಮಕ್ಕಳಿಗೆ ಪಾಠ ಹೇಳಿದೆ; ತರಗತಿಯಲ್ಲಿ ಸದ್ದಡಗಿಸುವುದನ್ನು ಕಲಿತೆ, ಆದರೆ ಆ ಸಂಜೆಯ ನಿಶ್ಶಬ್ದ ಬೇರೆಯದೇ ಆಗಿತ್ತೆಂದು ಪ್ರತಿ ಬಾರಿಯೂ ತಿಳಿಯುತ್ತಿತ್ತು.

ಆ ಶುಕ್ರವಾರದ ಮರುದಿನ ಅಪ್ಪ ಬೆಳಗಿನ ಒಂಬತ್ತರವರೆಗೆ ಮಲಗಿದ. ಅವ್ವ ನಮ್ಮಿಬ್ಬರನ್ನು ಅಡುಗೆಮನೆಯಲ್ಲಿ ಕೂರಿಸಿ, ಚಮಚೆಯ ಸದ್ದೂ ಆಗದಂತೆ ಉಪ್ಪಿಟ್ಟು ತಿನ್ನಿಸಿದಳು. ಹಿಂದಿನ ಸಂಜೆಯ ಆ ಒಂದು ಗಂಟೆಯ ಮೌನದಲ್ಲಿ ಅವನಿಗೆ ಯಾರು ಏನು ಹೇಳಿದರೆಂದು ನಾನು ಕೊನೆಯವರೆಗೂ ಕೇಳಲಿಲ್ಲ. ಅವನ ಕೋಣೆಯ ಬಾಗಿಲು ಅರ್ಧ ತೆರೆದಿತ್ತು. ಮಗುವಿನಂತೆ ಬಾಯಿ ತುಸು ತೆರೆದುಕೊಂಡು ಅವನು ಮಲಗಿದ್ದ.