ನಾಲ್ಕು ಗಂಟೆಗೆ ನೀರು

ಸುಬೇದಾರರ ಬಲಗೈ ಯಾವಾಗಲೂ ಬೆನ್ನ ಹಿಂದೆ, ಎಡಗೈಯ ಹಿಡಿತದಲ್ಲಿರುತ್ತಿತ್ತು. ಗೆಣ್ಣು ದಪ್ಪಗಿದ್ದ ಕಪ್ಪು ಕೈ, ಹೆಬ್ಬೆರಳ ಉಗುರು ಉದ್ದಕ್ಕೆ ಸೀಳಿತ್ತು. ಓಡಿಹೋಗುವ ಯಾರನ್ನೋ ಹಿಡಿದು ನಿಲ್ಲಿಸಿಕೊಂಡವರಂತೆ ತಮ್ಮ ಕೈಯನ್ನೇ ಹಿಡಿದುಕೊಂಡು ಸಾಲಗಾಮೆ ರಸ್ತೆಯ ತಮ್ಮ ಮನೆಯ ಮುಂದೆ ನಿಂತಿರುತ್ತಿದ್ದರು. ಅರಕಲಗೂಡಿನ ಬಸ್ಸಿನಲ್ಲಿ ಕಂಡಕ್ಟರು ದೂರದಿಂದ ಹುಬ್ಬು ಹಾರಿಸಿದರೆ ಎಲ್ಲರೂ ಬೆರಳೆತ್ತಿ ಎಷ್ಟು ಜನವೆಂದು ತೋರಿಸುತ್ತಾರೆ. ಇವರು ಮಾತ್ರ ಎಷ್ಟೇ ಗದ್ದಲವಿರಲಿ, "ಎರಡು ಅರಕಲಗೂಡು!" ಎಂದು ಕೂಗುತ್ತಿದ್ದರು.

"ಹಿಂದಿನ ಬಸ್ನೋರೂ ತಿರುಗಿ ನೋಡಂಗೆ ಕೂಗ್ತಾರೆ. ಬೆರಳೆಲ್ಲ ಮಿಲ್ಟ್ರಿಲೇ ಬಿಟ್ಟು ಬಂದವ್ರೆ ಕಣವ್ವ ನಿಮ್ಮ ಮಾವ" ಎಂದು ಅವರ ಹೆಂಡತಿ ನನ್ನ ಮುಂದೆ ರೇಗಿಸುತ್ತಿದ್ದರು. ಅವರು ನಗುತ್ತಿದ್ದರು. ಕೈ ಮಾತ್ರ ಮುಂದಕ್ಕೆ ಬರುತ್ತಿರಲಿಲ್ಲ.

ಅವರು ನಮಗೆ ನೆಂಟರಲ್ಲ, ಪಕ್ಕದ ಮನೆಯವರು. ಮಾವ, ಅತ್ತೆ ಎಂದು ಕರೆಯುತ್ತಲೇ ನಾನು ಬೆಳೆದದ್ದು. ಊರು ಅರಕಲಗೂಡಿನ ಹತ್ತಿರ. ಅಲ್ಲಿ ತಮ್ಮನ ಜೊತೆ ಶುಂಠಿ ಬೆಳೆಯುತ್ತಿದ್ದರು. ಸೈನ್ಯದಲ್ಲಿ ಸುಬೇದಾರರಾಗಿದ್ದವರು, ನಿವೃತ್ತರಾಗುವ ಸ್ವಲ್ಪ ಮುಂಚೆ ಒಂದು ವರ್ಷ ಆಫ್ರಿಕಾದ ಒಂದು ದೇಶದಲ್ಲಿ ನೀಲಿ ಹೆಲ್ಮೆಟ್ಟಿನ ಶಾಂತಿಪಾಲನಾ ಪಡೆಯಲ್ಲಿದ್ದರು ಎಂಬುದು ಬೀದಿಗೆಲ್ಲ ಗೊತ್ತಿತ್ತು. ಅಲ್ಲಿನ ಫೋಟೋ ಒಂದೂ ಗೋಡೆಯ ಮೇಲಿರಲಿಲ್ಲ. ನಲ್ಲಿ ನೀರು ಬಾರದ ದಿನಗಳಲ್ಲಿ ಬೀದಿಯವರು ಅವರ ಸಂಪಿನಿಂದ ನೀರು ಹೊತ್ತೊಯ್ಯುತ್ತಿದ್ದರು. ಯಾರಾದರೂ ಸಂಕೋಚದಿಂದ "ಎಷ್ಟೊತ್ತಿಗೆ ಬರ್ಲಿ ಸಾ?" ಎಂದರೆ ಅವರಿಗೆ ಸಿಟ್ಟೇ ಬರುತ್ತಿತ್ತು. "ನೀರಿಗೆ ಟೈಮ್ ಕೇಳ್ಬ್ಯಾಡಿ. ಬೇಕಾದಾಗ ಬನ್ನಿ."

ಮೈಸೂರಿನಲ್ಲಿ ಎಂ.ಎ. ಓದುವಾಗ ನನ್ನ ಪ್ರಬಂಧದ ವಿಷಯ, ಶಾಂತಿಪಾಲನೆಗೆ ಸೈನಿಕರನ್ನು ಕಳಿಸುವ ದೇಶಗಳ ಜೊತೆಗಿನ ಸಹಕಾರವನ್ನು ಸುಧಾರಿಸುವುದು ಹೇಗೆ ಎಂಬುದು. ತೀರ್ಮಾನ ಮಾಡುವವರು ಬೇರೆ, ಸೈನಿಕರನ್ನು ಕೊಡುವವರು ಬೇರೆ; ಇವರನ್ನು ಅವರು ಕೇಳುವುದು ಸಾಲದು ಎಂದು ನಾನು ಓದಿದ ಪುಸ್ತಕಗಳೆಲ್ಲ ಹೇಳುತ್ತಿದ್ದವು. ರಜೆಯಲ್ಲಿ ಬಂದಾಗ ಅದನ್ನೇ ಮಾವನಿಗೆ ವಿವರಿಸಿದೆ. ಪೂರ್ತಿ ಕೇಳಿಸಿಕೊಂಡು, "ಇಷ್ಟ್ಕೆ ಅಷ್ಟು ದಪ್ಪ ಪುಸ್ತಕಾನಾ?" ಎಂದರು. "ಊಟಕ್ಕೆ ಕರ್ಯೋರು ಅವ್ರು. ಏನು ಅಡುಗೆ ಅನ್ನೋರೂ ಅವ್ರೇ. ಬಡ್ಸೋರು ನಾವು. ಸಾರಿಗೆ ಉಪ್ಪು ಸಾಲ್ದು ಅಂತ ಬೈಸ್ಕಳೋರೂ ನಾವೇ. ಬರ್ಕೋ."

ನಾನು ಬರೆದುಕೊಂಡೆ. ಅವರು ಪೆನ್ನು ಕೆಳಗಿಡಲು ಹೇಳಿ, ಆಫ್ರಿಕಾದಲ್ಲಿದ್ದಾಗಿನ ಒಂದು ದಿನದ ವಿಷಯ ಹೇಳಿದರು.

ಅವರ ಕ್ಯಾಂಪು ಒಂದು ಹಳ್ಳಿಯ ಪಕ್ಕದಲ್ಲಿತ್ತು. ಹಳ್ಳಿಯ ಹೆಂಗಸರಿಗೆ ನೀರಿಗೆ ಬಹಳ ದೂರ ನಡೆಯಬೇಕಿತ್ತು. ಅದಕ್ಕಾಗಿ ದಿನಾ ಸಂಜೆ ನಾಲ್ಕು ಗಂಟೆಗೆ ಗೇಟಿನ ಬಳಿ ಒಂದು ನಲ್ಲಿ ಬಿಡುತ್ತಿದ್ದರು. ಹೆಂಗಸರು ಹಳದಿ ಕ್ಯಾನುಗಳನ್ನು ಹಿಡಿದು ಸಾಲಾಗಿ ಬರುತ್ತಿದ್ದರು. ಅವರ ಭಾಷೆ ಬಲ್ಲ ಆ ದೇಶದವನೇ ಆದ ದುಭಾಷಿಯೊಬ್ಬನಿದ್ದ. ಒಂದು ದಿನ ದೂರದ ಮುಖ್ಯ ಆಫೀಸಿನಿಂದ ಕಾಗದ ಬಂತು, ದುಭಾಷಿಯನ್ನು ಬೇರೆ ಕಡೆಗೆ ಹಾಕಿದೆ ಎಂದು. ಇವರನ್ನು ಕೇಳಿರಲಿಲ್ಲ. ಇವರ ಕರ್ನಲ್ ಬೇಡವೆಂದು ಬರೆದರು. ಉತ್ತರ ಬರುವಷ್ಟರಲ್ಲಿ ಇವರ ತುಕಡಿ ಭಾರತಕ್ಕೆ ವಾಪಸಾಗಿತ್ತು.

ದುಭಾಷಿ ಹೋದ ಆರನೆಯ ದಿನ ಬೆಳಿಗ್ಗೆ ಹತ್ತು ಗಂಟೆಗೆ ಆರು ಜನ ಹೆಂಗಸರು ಕ್ಯಾನು ಹೊತ್ತು ಗೇಟಿಗೆ ಬಂದರು. ಗೇಟಿನ ಜವಾಬ್ದಾರಿ ಅಂದು ಸುಬೇದಾರರದು.

"ಏನೋ ಅಂದ್ರು. ನಂಗೆ ಅರ್ಥ ಆಗ್ನಿಲ್ಲ. ನೀರಿಗೆ ಬಂದವ್ರೆ, ಹೊತ್ತಿಗೆ ಮುಂಚೆ ಬಂದವ್ರೆ ಅನ್ಕಂಡೆ. ಈ ಕೈ ಎತ್ತಿ ನಾಕು ಬೆರಳು ತೋರ್ಸ್ದೆ. ನಾಕು ಗಂಟೆಗೆ ಬನ್ನಿ ಅಂತ. ನಕ್ಕಂಡೇ ತೋರ್ಸ್ದೆ ಕಣವ್ವ. ಅವ್ರು ಇನ್ನೊಂದ್ಸಲ ಅಂದ್ರು. ನಾನು ಇನ್ನೊಂದ್ಸಲ ತೋರ್ಸ್ದೆ. ಒಬ್ಳು ನನ್ನ ಕೈನೇ ನೋಡ್ತಾ ನಿಂತ್ಕಂಡ್ಳು. ಆಮ್ಯಾಕೆ ಓಗ್ಬುಟ್ರು."

ಮಧ್ಯಾಹ್ನದ ಹೊತ್ತಿಗೆ ಹಳ್ಳಿಯ ಕಡೆ ಹೊಗೆ ಕಾಣಿಸಿತು. ಗಸ್ತಿನವರ ಜೊತೆ ಇವರೂ ಹೋಗಿ ನೋಡಿದಾಗ ಯಾರೂ ಇರಲಿಲ್ಲ. ದಾರಿಯಲ್ಲಿ ಹಳದಿ ಕ್ಯಾನುಗಳು ಬಿದ್ದಿದ್ದವು.

"ಎತ್ತಿದ್ರೆ ಭಾರ. ಬಗ್ಗಿಸ್ದೆ. ಜೋಳದ ಹಿಟ್ಟು ಬಂತು. ಇನ್ನೊಂದ್ರಾಗೆ ಮಗೀನ ಬಟ್ಟೆ ತುರುಕಿದ್ರು. ಬಂದೂಕಿನೋರು ಬರ್ತಾವ್ರೆ ಅಂತ ಊರು ಬಿಟ್ಟು ನಮ್ತಾವ ಇರಕ್ಕೆ ಬಂದಿದ್ರು ಅವ್ರು. ದಿನಾ ಖಾಲಿ ಕ್ಯಾನನ್ನ ಕೈಯಾಗೆ ಆಡಿಸ್ಕಂಡು ಬರೋರು. ಅವತ್ತು ತಲೆ ಮ್ಯಾಲೆ ಹೊತ್ಕಂಡು ಬಂದಿದ್ರು. ಖಾಲಿ ಕ್ಯಾನನ್ನ ಯಾರಾರ ತಲೆ ಮ್ಯಾಲೆ ಹೊರ್ತಾರಾ? ನಮ್ಮವ್ವ ಕೆರೆಯಿಂದ ನೀರು ಹೊರೋದನ್ನ ನೋಡ್ಕಂಡು ಬೆಳ್ದೋನು ನಾನು. ನಂಗೆ ಕಾಣ್ಬೇಕಿತ್ತು."

ಅವರು ಮುಂದುವರಿಸಿದರು.

"ಅವತ್ತೂ ನಾಕು ಗಂಟೆಗೆ ನಲ್ಲಿ ಬಿಟ್ಟೆ. ನೀರು ಹರೀತಾ ಇತ್ತು. ಯಾರೂ ಬರ್ನಿಲ್ಲ."

ಆ ಹೆಂಗಸರು ಬದುಕಿದರೋ ಇಲ್ಲವೋ ಅವರಿಗೆ ಕೊನೆಗೂ ತಿಳಿಯಲಿಲ್ಲ. ಈ ಮಾತನ್ನು ಅತ್ತೆಗೂ ಹೇಳಿರಲಿಲ್ಲ.

ಮರುವರ್ಷ, ಶಾಂತಿಪಾಲನೆಗೆ ಹೋಗುವ ಸೈನಿಕರ ತರಬೇತಿಗೆಂದು ಒಂದು ಪುಸ್ತಿಕೆ ತರುತ್ತಿದ್ದೇವೆ, ಹಿಂದೆ ಹೋಗಿಬಂದವರು ತಮ್ಮ ಅನುಭವ ಬರೆದು ಕಳಿಸಿ ಎಂದು ಅವರಿಗೊಂದು ಕಾಗದ ಬಂತು. ಅದನ್ನು ಹಿಡಿದು ನಮ್ಮ ಮನೆಗೆ ಬಂದರು. ಅಷ್ಟು ಉತ್ಸಾಹದಲ್ಲಿ ಅವರನ್ನು ನಾನು ನೋಡಿರಲಿಲ್ಲ. "ಇಂಗ್ಲೀಷ್ನಾಗೆ ನೀನೇ ಬರಿ. ಬ್ಯಾರೆ ಏನೂ ಬ್ಯಾಡ. ಆ ಹೆಂಗಸ್ರದ್ದು ಬರಿ. ಕ್ಯಾನು ಹೆಂಗೆ ಹಿಡ್ಕಂಡವ್ರೆ ನೋಡು ಅಂತ ಬರಿ. ಮುಂದೆ ಓಗೋ ಹುಡುಗ್ರು ನಿಂತ್ಕಂಡಿರ್ತಾರಲ್ಲ ಗೇಟ್ನಾಗೆ, ಅವ್ರಿಗೆ ಗೊತ್ತಾಗ್ಲಿ. ನಾನೇ ನಿಂತಿದ್ದೆ ಅಂತ ಹೆಸರು ಹಾಕಿ ಬರಿ."

ಎರಡು ದಿನ ಕೂತು ಬರೆದೆ. ದುಭಾಷಿಗಳನ್ನು ಸೈನಿಕರನ್ನು ಕಳಿಸಿದ ದೇಶದ ಜೊತೆ ಸಮಾಲೋಚಿಸದೆ ವರ್ಗಾಯಿಸಬಾರದು ಎಂಬ ಸಲಹೆ ಅದರಲ್ಲಿತ್ತು. ಸ್ಥಳೀಯರ ವಿಶ್ವಾಸ ಗಳಿಸುವ ಬಗ್ಗೆ ಒಂದು ಪ್ಯಾರಾ ಇತ್ತು. ಹೆಂಗಸರು ಇರಲಿಲ್ಲ. ಮಾವನ ಹೆಸರಿನಲ್ಲಿ ಅದನ್ನು ಬರೆದರೆ ಯಾರಾದರೂ ವಿಚಾರಣೆಗೆ ಕರೆದಾರು, ಈ ವಯಸ್ಸಿನಲ್ಲಿ ಅವರಿಗೆ ಯಾಕೆ ಎಂದು ನನಗೆ ನಾನೇ ಹೇಳಿಕೊಂಡೆ. ಅದು ಸುಳ್ಳಲ್ಲ. ಆದರೆ ಆ ಆರು ಜನ ಬಂದು ನಿಂತಕೂಡಲೇ ನನ್ನ ಅಚ್ಚುಕಟ್ಟಾದ ಸಲಹೆಗಳೆಲ್ಲ ಹಗುರವಾಗಿ ಕಾಣುತ್ತಿದ್ದವು ಎಂಬುದೂ ನಿಜ. ನನ್ನ ಪ್ರಬಂಧದಿಂದಲೂ ಅವರನ್ನು ಹೀಗೆಯೇ ಬಿಟ್ಟಿದ್ದೆ.

ಸಹಿ ಮಾಡುವ ಮುಂಚೆ ಮಾವ ಅದನ್ನು ಓದಲಿಲ್ಲ. "ಹೆಂಗಸ್ರು ಬಂದ್ರಾ ಅದ್ರಾಗೆ?" ಎಂದಷ್ಟೇ ಕೇಳಿದರು.

"ಬಂದಿದ್ದಾರೆ ಮಾವ" ಎಂದೆ.

ತಿಂಗಳುಗಳ ನಂತರ ಪುಸ್ತಿಕೆ ಅಂಚೆಯಲ್ಲಿ ಬಂತು. ನಾನು ಹೋದಾಗ ಅವರು ಜಗಲಿಯಲ್ಲಿ ಕೂತು, ಕನ್ನಡಕ ಹಾಕಿಕೊಂಡು, ತಮ್ಮ ಹೆಸರಿದ್ದ ಪುಟವನ್ನು ಸಾಲು ಸಾಲಾಗಿ ಬೆರಳಿಟ್ಟು ಓದುತ್ತಿದ್ದರು. ಅವರ ಇಂಗ್ಲಿಷು ನಿಧಾನ, ಆದರೆ ತಪ್ಪುವಂಥದ್ದಲ್ಲ. ಮುಗಿಸಿ ಹಿಂದಿನ ಪುಟ ತಿರುವಿದರು. ಮುಂದಿನದನ್ನೂ ತಿರುವಿದರು. ಮತ್ತೆ ಮೊದಲಿನಿಂದ ಬೆರಳಿಟ್ಟರು. ನಾನು ಎದುರಿಗೆ ಕೂತೇ ಇದ್ದೆ.

"ಜಾಗ ಸಾಲ್ನಿಲ್ವೇನೋ ಅವ್ರಿಗೆ" ಎಂದರು ಕೊನೆಗೆ. "ನೀನು ಬರ್ದಿದ್ದೆ. ಅವ್ರು ತೆಗ್ದವ್ರೆ."

ಆಗ ಹೇಳಬಹುದಿತ್ತು. "ಇರಬಹುದು ಮಾವ" ಎಂದೆ.

ಆ ವರ್ಷದ ಶುಂಠಿ ಕೀಳುವ ಮುಂಚೆಯೇ ಅವರು ಹೋದರು. ಬೆಳಿಗ್ಗೆ ಕಾಫಿ ಕುಡಿದು ಎದೆ ಹಿಡಿದುಕೊಂಡವರು ಆಸ್ಪತ್ರೆ ತಲುಪಲಿಲ್ಲ. ಅಂತ್ಯಕ್ರಿಯೆ ಮುಗಿಸಿ ಬಂದ ವಾರದಲ್ಲೇ ನಾನು ಎಲ್ಲವನ್ನೂ, ಅವರು ಹೇಳಿದಂತೆಯೇ, ಬರೆದು ಪುಸ್ತಿಕೆಯ ವಿಳಾಸಕ್ಕೆ ಕಳಿಸಿದೆ. ಮುಂದಿನ ಮುದ್ರಣವಾದರೆ ಪರಿಶೀಲಿಸುತ್ತೇವೆ ಎಂದು ಎರಡು ಸಾಲಿನ ಉತ್ತರ ಬಂತು. ಮುಂದಿನ ಮುದ್ರಣ ಇನ್ನೂ ಆಗಿಲ್ಲ. ಗೇಟುಗಳಲ್ಲಿ ಹೊಸಬರು ನಿಂತಿರುತ್ತಾರೆ.

ಹನ್ನೊಂದನೆಯ ದಿನದ ಕಾರ್ಯ ಮುಗಿದು ನೆಂಟರೆಲ್ಲ ಹೊರಟ ಮೇಲೆ ಅತ್ತೆ ಆ ಪುಸ್ತಿಕೆಯನ್ನು ತಂದು ನನ್ನ ಮುಂದಿಟ್ಟರು. ಮಾವನ ಹೆಸರಿದ್ದ ಪುಟದ ಅಂಚು ಮಾಸಿ ಮೆತ್ತಗಾಗಿತ್ತು.

"ದಿನಾ ತೆಗ್ದು ನೋಡೋರು. ಏನೋ ಹುಡುಕೋರು. ಏನು ಅಂದ್ರೆ ಬಾಯಿ ಬಿಡ್ತಿರ್ಲಿಲ್ಲ. ಏನಿತ್ತವ್ವ ಇದ್ರಾಗೆ?"

"ಇದರಲ್ಲಿ ಇಲ್ಲ ಅತ್ತೆ" ಎಂದೆ. ಆಮೇಲೆ ಎಲ್ಲ ಹೇಳಿದೆ. ನಾನು ಬಿಟ್ಟದ್ದನ್ನೂ, "ಬಂದಿದ್ದಾರೆ" ಎಂದದ್ದನ್ನೂ, ಜಗಲಿಯಲ್ಲಿ "ಇರಬಹುದು" ಎಂದದ್ದನ್ನೂ ಹೇಳಿದೆ.

ಅತ್ತೆ ಸೆರಗಿನಿಂದ ಮುಖ ಒರೆಸಿಕೊಂಡರು. ಬೈಯುತ್ತಾರೆಂದು ಕಾದೆ. ದನಿ ಏರಿಸದೆ ಹೇಳಿದರು:

"ನೀನೂ ಆ ಹೆಂಗಸ್ರನ್ನ ಗೇಟ್ನಾಗೇ ನಿಲ್ಸ್‌ಬುಟ್ಯಲ್ಲವ್ವ."