ಅಕ್ಕಿಕಾಳಿನಗಲ ಜಾಗ

ಭದ್ರಾವತಿಯ ಕಾಗದನಗರದಲ್ಲಿ ನಮಗೆ ವಿಜ್ಞಾನ ಕಲಿಸಿದ ಮೇಷ್ಟ್ರಿಗೆ ಯಾವುದಕ್ಕೂ ಅವಸರವಿರಲಿಲ್ಲ. "ತಡಿಯೋ ಮಾರಾಯ, ಇನ್ನೂ ಟೈಮಿದೆ" ಎನ್ನುತ್ತ ಕನ್ನಡಕ ಒರೆಸುತ್ತಿದ್ದರು.

ಒಂದು ದಿನ ಮೈದಾನದಲ್ಲಿ ನಲವತ್ತಾರು ಮೀಟರ್ ಕಾಗದ ಹಾಸಿ, ಮೀಟರಿಗೆ ಹತ್ತು ಕೋಟಿ ವರ್ಷದಂತೆ ಭೂಮಿಯ ಚರಿತ್ರೆ ಬರೆದರು. ಅದರ ಮೇಲೆ ಮನುಷ್ಯನಾಗಿ ನಿಲ್ಲುವ ಪಾತ್ರ ಕ್ಲಾಸ್ ಲೀಡರಾದ ನನಗಲ್ಲದೆ ಇನ್ಯಾರಿಗೆ! ಕೊನೆಯ ತುದಿಯಲ್ಲಿ ಎದೆಯುಬ್ಬಿಸಿ ನಿಂತೆ. ಮೇಷ್ಟ್ರು ಭೂಮಿ ಹುಟ್ಟಿದ ಆಚೆ ತುದಿಯಿಂದ ಹೊರಟು ಮುಕ್ಕಾಲು ದಾರಿ ಬಂದರೂ ಕಣ್ಣಿಗೆ ಕಾಣದ ಜೀವಿಗಳಲ್ಲೇ ಇದ್ದರು.

"ಸಾರ್, ನಾನು?" ಎಂದು ಕೂಗಿದೆ.

"ತಡಿಯೋ ಮಾರಾಯ, ಇನ್ನೂ ಟೈಮಿದೆ."

ಕೊನೆಗೂ ಬಂದವರು ನನ್ನ ಪಾದ ನೋಡಿದರು. "ಕಾಲು ತೆಗಿಯೋ. ನಿಂದು ತುದೀಲಿ ಅಕ್ಕಿಕಾಳಿನಗಲ ಅಷ್ಟೇ. ಆನೆ, ಮಂಗ ಎಲ್ಲಾ ನಿನ್ ಚಪ್ಪಲಿ ಕೆಳಗಿದಾವೆ."

ಈಗಲೂ ಶಿವಮೊಗ್ಗದ ಸಭೆಗಳಲ್ಲಿ ಯಾರಾದರೂ ಹಾರ ಹಾಕಲು ಬಂದರೆ ಮೊದಲು ಕಾಲ ಕೆಳಗೆ ನೋಡಿಕೊಳ್ಳುತ್ತೇನೆ. ಅಷ್ಟರಲ್ಲಿ ಕತ್ತು ತಾನಾಗೇ ಮುಂದೆ ಚಾಚಿರುತ್ತದೆ.